ಹೊರೈಜನ್ ಬೇರೆ, ಸ್ಕೈಲೈನ್ ಬೇರೆ: ಒಂದೇ ಪರದೆಯನ್ನ ಎರಡು ಸಲ ಬರೆದ ಲಾಗ್

ನಾಟಕಕ್ಕೆ ಹಿಂದಿನ ಪರದೆ ಬರೆಯೋ ಕೆಲಸ. ಕೈಗೆ ಬಂದ ಬ್ರೀಫ್, ಅಂದ್ರೆ ಏನೇನು ಬೇಕು ಅನ್ನೋ ಸೂಚನೆ, ವಾಟ್ಸಾಪಲ್ಲಿ ಐದೇ ಸಾಲು, ಅದೂ ಇಂಗ್ಲಿಷಲ್ಲಿ, ಯಾಕಂದ್ರೆ ನಾಟಕದ ಸ್ಕ್ರಿಪ್ಟೇ ಇಂಗ್ಲಿಷು, ಡೈರೆಕ್ಟ್ರು ಅದರ ಸ್ಟೇಜ್ ಡೈರೆಕ್ಷನ್ನನ್ನ ಹಾಗೇ ಕಾಪಿ ಮಾಡಿ ಕಳ್ಸಿಬಿಟ್ಟಿದ್ರು. ರೋಲಿಂಗ್ ಹಿಲ್ಸ್, ಲೋ ಹೊರೈಜನ್. ಬಿಹೈಂಡ್, ಎ ಬೇರ್ ರಿಡ್ಜ್, ಹೇಜಿ. ಇನ್ ದ ಮಿಡಲ್ ಡಿಸ್ಟೆನ್ಸ್, ಎ ವೈಂಡಿಂಗ್ ಸ್ಟ್ರೀಮ್. ಎ ಕಾಟೇಜ್ ಓವರ್‌ಲುಕಿಂಗ್ ದ ವ್ಯಾಲಿ. ಕೊನೇಲಿ ಒಂದು ಸಾಲು, ಸೀನರಿ ಟು ಬಿ ಸ್ಟ್ರಕ್ ಆಫ್ಟರ್ ಆಕ್ಟ್ ಟೂ.

ಓದ್ದೆ. ಗುಡ್ಡ, ಹೊಳೆ, ಮನೆ, ಅಷ್ಟೇ ತಾನೆ ಅನ್ನಿಸ್ತು. ಚಿಕ್ಕೋರಿದ್ದಾಗ ಡ್ರಾಯಿಂಗ್ ಬುಕ್ಕಲ್ಲಿ "ಸೀನರಿ ಬರೀರಿ" ಅಂದ್ರೆ ಬರೀತಿದ್ದಿದ್ದೇ ಅದು, ಎರಡು ತ್ರಿಕೋನ, ನಡುವೆ ಅರ್ಧ ಸೂರ್ಯ, ಕೆಳಗೆ ಹಾವಿನ ಥರ ಹೊಳೆ, ಪಕ್ಕದಲ್ಲಿ ಗುಡಿಸಲು. ಅದನ್ನೇ ದೊಡ್ಡದಾಗಿ ಬಟ್ಟೆ ಮೇಲೆ ಬರೆದ್ರಾಯ್ತು ಅಂತ ಒಪ್ಕೊಂಡೆ. ಆರು ದಿನದ ಕೆಲಸ ಹನ್ನೊಂದು ದಿನ ಹಿಡೀತು, ಅದರಲ್ಲಿ ಐದು ದಿನ ಬರೆದಿದ್ದನ್ನ ಅಳಿಸಿ ಮತ್ತೆ ಬರೆಯೋದಕ್ಕೇ ಹೋಯ್ತು. ಕಾರಣ ಬಣ್ಣ ಅಲ್ಲ ಬ್ರಷ್ ಅಲ್ಲ, ಆ ಐದು ಸಾಲು. ಅದರಲ್ಲಿದ್ದ ಒಂದೊಂದು ಪದಾನೂ ಒಂದೊಂದು ಅಳತೆ ಅಂತ ನಂಗೆ ಗೊತ್ತಿರ್ಲಿಲ್ಲ, ಸುಮ್ನೆ ವರ್ಣನೆ ಅಂದ್ಕೊಂಡಿದ್ದೆ.

ಮೊದಲು ಬಟ್ಟೆ ವಿಷಯ ಮುಗಿಸ್ಬಿಡ್ತೀನಿ. ಪರದೆ 20 ಅಡಿ ಅಗಲ, 12 ಅಡಿ ಎತ್ತರ. ಕೋರಾ ಕಾಟನ್, 5 ಅಡಿ ಪನ್ನದ್ದು (ಬಟ್ಟೆಯ ಅಗಲ), ಮೂರು ಪಟ್ಟಿ ಜೋಡಿಸಿ ಹೊಲಿಸಿದ್ದು. ಹೊಲಿಗೆ ಅಡ್ಡಡ್ಡ ಬರಬೇಕು, ಉದ್ದುದ್ದ ಅಲ್ಲ. ಅಡ್ಡ ಇದ್ರೆ ನೇತುಹಾಕಿದಾಗ ಬಟ್ಟೆಯ ಭಾರಕ್ಕೆ ಹೊಲಿಗೆ ಎಳ್ಕೊಂಡು ಸಪಾಟಾಗುತ್ತೆ, ಉದ್ದ ಇದ್ರೆ ಅಲ್ಲಲ್ಲಿ ಸುಕ್ಕು ನಿಲ್ಲುತ್ತೆ, ಲೈಟ್ ಪಕ್ಕದಿಂದ ಬಿದ್ರಂತೂ ಆಕಾಶದಲ್ಲಿ ಕಂಬ ನಿಲ್ಲಿಸಿದ ಹಾಗೆ ಕಾಣುತ್ತೆ. ಮೇಲೆ ಪೈಪಿಗೆ ಕಟ್ಟೋಕೆ ಲಾಡಿ, ಕೆಳಗೆ ಇನ್ನೊಂದು ಪೈಪ್ ತೂರಿಸೋಕೆ ಜೇಬು, ಆ ಭಾರಕ್ಕೆ ಬಟ್ಟೆ ನೆಟ್ಟಗೆ ನಿಲ್ಲುತ್ತೆ.

ನೆಲದ ಮೇಲೆ ಪ್ಲೈವುಡ್ ಹಾಸಿ, ಪ್ಲಾಸ್ಟಿಕ್ ಶೀಟ್ ಹಾಕಿ, ಮೇಲೆ ಬಟ್ಟೆ ಹರಡಿ ಸ್ಟೇಪ್ಲರ್ ಗನ್ನಲ್ಲಿ ಹೊಡೆದೆ. ಇಲ್ಲೇ ಮೊದಲ ಎಡವಟ್ಟು. ಅಡಿಗೊಂದು ಪಿನ್ ಸಾಕು ಅಂತ ಹೊಡೆದು, ಗಂಜಿ ಥರ ತೆಳ್ಳಗೆ ಮಾಡಿದ ಬಿಳಿ ಎಮಲ್ಷನ್ನನ್ನ ಬಟ್ಟೆ ಪೂರ್ತಿ ಕುಡಿಸಿ, ರಾತ್ರಿ ಒಣಗೋಕೆ ಬಿಟ್ಟು ಹೋದೆ. ಬೆಳಿಗ್ಗೆ ಬಂದು ನೋಡಿದ್ರೆ ಕಾಟನ್ ಬಿಗಿದ್ಕೊಂಡು ಅಂಚೆಲ್ಲಾ ಅರ್ಧಚಂದ್ರ ಅರ್ಧಚಂದ್ರ, ಪಿನ್ ಇದ್ದ ಜಾಗ ಮಾತ್ರ ನಿಂತಿದೆ, ಮಧ್ಯದ್ದೆಲ್ಲಾ ಒಳಕ್ಕೆ ಹೋಗಿದೆ, ಎರಡು ಮೂಲೇಲಿ ಪಿನ್ನೇ ಕಿತ್ಕೊಂಡು ಬಂದಿದೆ. ಎಲ್ಲಾ ತೆಗೆದು, ನೀರು ಚಿಮುಕಿಸಿ, ಮತ್ತೆ ಎಳೆದು ಹೊಡೆದೆ. ಈ ಸಲ ಪ್ರತಿ ಬದೀಲೂ ಮಧ್ಯದಿಂದ ಶುರು ಮಾಡಿ ಮೂಲೆ ಕಡೆ ಹೋಗ್ತಾ, 4 ಇಂಚಿಗೊಂದು. ಬೆರಳು ನೋವು ಬಂದ್ರೂ ಆಮೇಲೆ ಬಟ್ಟೆ ಡೋಲಿನ ಹಾಗೆ ನಿಂತಿತ್ತು. ಬೆಂಕಿ ಹತ್ತದ ಹಾಗೆ ಮಾಡೋ ದ್ರಾವಣಾನ ಗಂಜಿಗಿಂತ ಮುಂಚೇನೇ ಹಾಕಿದ್ದೆ, ಬಿಸಿ ಲೈಟಿನ ಪಕ್ಕ ಬಣ್ಣದ ಬಟ್ಟೆ ತೂಗಾಡುತ್ತೆ, ಆ ಸ್ಟೆಪ್ ಮಾತ್ರ ಯಾರೂ ಬಿಡಬೇಡಿ.

ಸ್ಕೆಚ್ 1 ಇಂಚಿಗೆ 1 ಅಡಿ ಲೆಕ್ಕದಲ್ಲಿ ಪೇಪರ್ ಮೇಲೆ ಮಾಡಿ, ಬಟ್ಟೆ ಮೇಲೆ ಸೀಮೆಸುಣ್ಣದ ಪುಡಿ ಸವರಿದ ದಾರ ಮೀಟಿ ಅಡಿಗೊಂದು ಗೆರೆ ಹಾಕಿ ಚೌಕ ಮಾಡ್ಕೊಂಡೆ. ಇದ್ದಿಲ ತುಂಡನ್ನ ಬಿದಿರು ಕೋಲಿನ ತುದಿಗೆ ಕಟ್ಟಿ ನಿಂತ್ಕೊಂಡೇ ಬರೆದೆ, ಬಗ್ಗಿ ಬರೆದ್ರೆ ಕೈ ಹತ್ತಿರ ಇರೋ ಒಂದಡಿ ಮಾತ್ರ ಕಾಣೋದು, ಗುಡ್ಡ ಎಲ್ಲಿ ಹೋಗ್ತಿದೆ ಗೊತ್ತಾಗಲ್ಲ. ಬಣ್ಣಾನೂ ಹೀಗೇ, ಉದ್ದ ಹಿಡಿಯ ಬ್ರಷ್ಷು, ನಿಂತ್ಕೊಂಡು. ನಾಲ್ಕು ದಿನಕ್ಕೆ ಮುಗಿಸ್ದೆ. ಹಸಿರು ಹಸಿರಾಗಿ ಚೆನ್ನಾಗೇ ಇತ್ತು, ನೆಲದ ಮೇಲೆ ಇದ್ದಾಗ.

ಐದನೇ ದಿನ ಮೇಲಕ್ಕೆತ್ತಿ ಕಟ್ಟಿದ್ವಿ. ಲೈಟಿಂಗ್ ಮಾಡೋ ಗೆಳೆಯ ಹಿಂದಿನ ಸಾಲಲ್ಲಿ ಕೂತಿದ್ದೋನು ಸ್ವಲ್ಪ ಹೊತ್ತು ಸುಮ್ನಿದ್ದು, "ಲೋ ಗುರೂ, ಆಕಾಶ ಒಂದೇ ಕಾಣ್ತಿದೆ ಕಣೋ, ಕೆಳಗೆ ಅದೇನು ಹಸಿರು ಬಾರ್ಡರ್ರು?" ಅಂದ. ಅಷ್ಟರಲ್ಲಿ ಡೈರೆಕ್ಟ್ರು ಬಂದು ನೋಡಿ, ಒಬ್ಬ ನಟನ್ನ ಕರೆದು ಆ ಮನೆ ಮುಂದೆ ನಿಲ್ಲಿಸಿದ್ರು. ನಾನು ಬರೆದ ಬಾಗಿಲು 4 ಅಡಿ, ನಟ 6 ಅಡಿ, ಗುಬ್ಬಿ ಗೂಡಿನ ಪಕ್ಕ ನಿಂತ ಹಾಗಿದ್ದ. ಡೈರೆಕ್ಟ್ರು ಬೈಲಿಲ್ಲ, ಅದೇ ಕಷ್ಟ. "ನೋಡಪ್ಪಾ, ನಾನು ಲೋ ಹೊರೈಜನ್ ಅಂದಿದ್ದೆ, ಲೋ ಹಿಲ್ಸ್ ಅಂದಿರ್ಲಿಲ್ಲ" ಅಂದ್ರು.

ಎರಡೂ ಒಂದೇ ಅಲ್ವಾ ಅಂದೆ. ಅಲ್ಲಂತೆ. ಅವರು ಒಂದು ಸ್ಟೂಲ್ ಎಳ್ಕೊಂಡು ಕೂತು, ಫೋನಲ್ಲಿದ್ದ ಮೆಸೇಜನ್ನ ಪದ ಪದ ಬಿಡಿಸಿ ಹೇಳಿದ್ರು, ನಾನು ಅಲ್ಲೇ ಪ್ಲೈವುಡ್ಡಿನ ಮೇಲೆ ಪೆನ್ಸಿಲಲ್ಲಿ ಗೀಚ್ಕೊಂಡೆ, ಆಮೇಲೆ ಮನೇಲಿ ಡಿಕ್ಷನರಿ ತೆಗೆದು ಇನ್ನಷ್ಟು ನೋಡ್ದೆ.

ಹೊರೈಜನ್ ಅಂದ್ರೆ ನೋಡೋರ ಕಣ್ಣಿನ ಮಟ್ಟ. ಗ್ರೀಕಿನ ಪದ, ಗಡಿ ಹಾಕು ಅನ್ನೋ ಅರ್ಥದಿಂದ ಬಂದದ್ದು. ಮುಂದೆ ಗುಡ್ಡಗಿಡ್ಡ ಏನೂ ಇಲ್ದೆ ಬರೀ ಬಯಲೋ ಸಮುದ್ರವೋ ಇದ್ದಿದ್ರೆ ನೆಲ ಆಕಾಶ ಎಲ್ಲಿ ಸೇರ್ತಿತ್ತೋ ಆ ಗೆರೆ. ಗುಡ್ಡ ಅಡ್ಡ ಬಂದ್ರೂ ಗೆರೆ ಅಲ್ಲೇ ಇರುತ್ತೆ, ಕಾಣಲ್ಲ ಅಷ್ಟೆ. ಗುಡ್ಡದ ತಲೆ ಆಕಾಶಕ್ಕೆ ತಾಗೋ ಕಡೆ ಕಾಣೋ ಅಂಕುಡೊಂಕು ಗೆರೆ ಇದ್ಯಲ್ಲ, ಅದು ಸ್ಕೈಲೈನ್. ನಾನು ಸ್ಕೈಲೈನನ್ನೇ ಹೊರೈಜನ್ ಅಂದ್ಕೊಂಡು, ಅವರು ನಡುಸಾಲಿನೋರ ಕಣ್ಣಿನ ಲೆಕ್ಕ ಹಾಕಿ ಕೊಟ್ಟ 3.5 ಅಡಿ ಅಳತೇಗೆ ಸರಿಯಾಗಿ ಗುಡ್ಡದ ತಲೆಗಳನ್ನ ಕತ್ತರಿಸಿ ನಿಲ್ಲಿಸಿದ್ದೆ. ಮೇಲೆ ಎಂಟೂವರೆ ಅಡಿ ಖಾಲಿ ನೀಲಿ. ಕನ್ನಡದಲ್ಲಿ ದಿಗಂತ ಅಂತ ಎರಡಕ್ಕೂ ಹೇಳ್ಬಿಡ್ತೀವಿ, ಮಾತಾಡೋವಾಗ ನಡೆಯುತ್ತೆ, ಅಳತೆ ಹಾಕೋವಾಗ ನಡೆಯಲ್ಲ.

ಈ ಒಂದು ಗೆರೆ ಸರಿ ಇದ್ರೆ ಮಿಕ್ಕಿದ್ದೆಲ್ಲಾ ತಾನಾಗೇ ಕೂರುತ್ತೆ. ನಮ್ಮಷ್ಟೇ ಮಟ್ಟದ ಸಪಾಟು ನೆಲದ ಮೇಲಿರೋದು ಏನಿದ್ರೂ, ಎಷ್ಟೇ ದೂರ ಹೋದ್ರೂ, ಆ ಗೆರೆಗಿಂತ ಕೆಳಗೇ ನೆಲ ಕಚ್ಚಿರಬೇಕು, ನಮ್ಮ ಕಣ್ಣಿಗಿಂತ ಎತ್ತರ ಇರೋದು ಮಾತ್ರ ಗೆರೆ ದಾಟಿ ಮೇಲೆ ಹೋಗುತ್ತೆ. ಹಾಗಾಗಿ ಹೊಳೆ 3.5 ಅಡಿಯ ಕೆಳಗೆ, ಗುಡ್ಡ ಬೇಕಾದ್ರೆ 7 ಅಡಿ ತನಕ ಏರಬಹುದು.

ಇನ್ನು ಓವರ್‌ಲುಕಿಂಗ್. ನಂಗೆ ಗೊತ್ತಿದ್ದಿದ್ದು ಆಫೀಸ್ ಇಂಗ್ಲಿಷಿನ ಓವರ್‌ಲುಕ್, ಅಂದ್ರೆ ಕಣ್ಣುತಪ್ಪಿಂದ ಬಿಟ್ಟುಬಿಡೋದು. ಕಣಿವೆಯನ್ನ ಬಿಟ್ಟುಬಿಟ್ಟ ಮನೆ ಅಂದ್ರೆ ಏನೋ ಕಾವ್ಯ ಇರಬೇಕು ಅಂತ ಹೊಳೆ ದಡದಲ್ಲೇ ಮನೆ ಕಟ್ಟಿದ್ದೆ. ಜಾಗದ ವಿಷಯಕ್ಕೆ ಬಂದಾಗ ಅದರ ಅರ್ಥ, ಎತ್ತರದಲ್ಲಿದ್ದು ಕೆಳಗಿನದು ಪೂರ್ತಿ ಕಾಣೋ ಹಾಗಿರೋದು. ಮನೆ ಇರಬೇಕಿದ್ದಿದ್ದು ಇಳಿಜಾರಿನ ಮೇಲೆ, ಹೊರೈಜನ್ ಗೆರೆಗಿಂತ ಮೇಲೆ, ಅಷ್ಟು ದೂರದಲ್ಲಿ ಅಂದ್ರೆ ಪುಟ್ಟದಾಗಿ. ಹಾಗೆ ಬರೆದಿದ್ರೆ ಬಾಗಿಲಿನ ಸಮಸ್ಯೇನೇ ಬರ್ತಿರ್ಲಿಲ್ಲ, ನಟ ಅದರ ಪಕ್ಕ ನಿಲ್ಲೋಕೇ ಆಗ್ತಿರ್ಲಿಲ್ಲ.

ರೋಲಿಂಗ್ ಹಿಲ್ಸ್ ಅಂದ್ರೆ ಚೂಪು ತ್ರಿಕೋನ ಅಲ್ಲ, ಅಲೆ ಥರ ಏರಿ ಇಳಿದು ಏರಿ ಇಳಿದು ಹೋಗೋ ದಿಬ್ಬಗಳು, ಒಂದರ ಬೆನ್ನಿಗೆ ಇನ್ನೊಂದು ಮಗ್ಗುಲಾಗಿ ಮಲಗಿದ ಹಾಗೆ. ಚೂಪಾಗಿದ್ರೆ ಪೀಕ್ಸ್ ಅಂತಾರೆ, ಕಲ್ಲುಮುಳ್ಳಾಗಿ ಒರಟಾಗಿದ್ರೆ ರಗ್ಡ್. ರಿಡ್ಜ್ ಕೂಡ ಶಿಖರ ಅಲ್ಲ, ಉದ್ದಕ್ಕೆ ಹೋಗೋ ಬೆನ್ನು. ಹಳೇ ಇಂಗ್ಲಿಷಲ್ಲಿ ಆ ಪದದ ಅರ್ಥಾನೇ ಬೆನ್ನು ಅಂತ, ಮನುಷ್ಯಂದೋ ಪ್ರಾಣೀದೋ. ನಾವೂ ಬೆಟ್ಟದ ಬೆನ್ನು ಅಂತೀವಲ್ಲ, ಅದನ್ನ ನೆನಪಿಟ್ಕೊಂಡಿದ್ರೆ ಸಾಕಿತ್ತು. ಬೇರ್ ಅಂದ್ರೆ ಬೋಳು, ಮರ ಇಲ್ಲ ಅಷ್ಟೇ, ಹುಲ್ಲು ಇರಬಹುದು. ಬ್ಯಾರೆನ್ ಅಂದ್ರೆ ಬಂಜರು, ಏನೂ ಬೆಳೆಯಲ್ಲ. ಬ್ಲೀಕ್ ಅಂದ್ರೆ ನೋಡಿದ್ರೆ ಬಿಕೋ ಅನ್ನೋದು, ಅದನ್ನ ಗಿಡ ತೆಗೆದು ತೋರಿಸೋಕಾಗಲ್ಲ, ಬಣ್ಣದಲ್ಲಿ ಬೆಳಕಲ್ಲಿ ತರಬೇಕು. ನಾನು ಬೇರ್ ಅನ್ನೋದನ್ನ ಬ್ಯಾರೆನ್ ಅಂತ ಓದ್ಕೊಂಡು ಹಿಂದಿನ ಬೆಟ್ಟವನ್ನ ಬಿರುಕು ಬಿಟ್ಟ ಮಣ್ಣಿನ ಬಣ್ಣಕ್ಕೆ ತಿರುಗಿಸಿದ್ದೆ.

ವೈಂಡಿಂಗ್ ವಿಷಯ ಹೇಳ್ಕೊಳ್ಳೋಕೆ ನಾಚಿಕೆ. ಸ್ಪೆಲಿಂಗ್ ನೋಡಿ ವಿಂಡ್ ಅಂತ ಓದಿ, ಗಾಳಿ ಬೀಸ್ತಿರೋ ಹೊಳೆ ಅಂದ್ಕೊಂಡು ದಡದ ಮರಗಳನ್ನೆಲ್ಲಾ ಎಡಕ್ಕೆ ಬಾಗಿಸಿದ್ದೆ. ಮೋಟ್ರು ಸುಟ್ಟೋದ್ರೆ ವೈಂಡಿಂಗ್ ಮಾಡಿಸ್ಬೇಕು ಅಂತ ಎಷ್ಟು ಸಲ ಹೇಳಿದೀನೋ, ತಂತಿ ಸುತ್ತೋ ಅದೇ ವೈಂಡಿಂಗ್ ಇದು, ಸುತ್ತಿ ಬಳಸಿ ಹೋಗೋ ಹೊಳೆ. ತಲೆ ಓಡ್ಲೇ ಇಲ್ಲ.

ಹೇಜಿ ಅಂದಿದ್ದಕ್ಕೆ ಬಿಳಿ ಬಣ್ಣ ತೆಳ್ಳಗೆ ಮಾಡಿ ಮಂಜು ಎಳೆದಿದ್ದೆ. ನಮಗೆ ಎಲ್ಲಾ ಮಂಜೇ, ಇಂಗ್ಲಿಷಲ್ಲಿ ಮೂರು ಬೇರೆ ಬೇರೆ. ಫಾಗ್, ಮಿಸ್ಟ್ ಎರಡೂ ನೀರಿನ ಹನಿ, ಹವಾಮಾನದೋರ ಲೆಕ್ಕದಲ್ಲಿ 1 ಕಿ.ಮೀ. ದೂರಾನೂ ಕಾಣದಿದ್ರೆ ಫಾಗ್, ಅದಕ್ಕಿಂತ ಹೆಚ್ಚು ಕಂಡ್ರೆ ಮಿಸ್ಟ್. ಹೇಜ್ ಒಣಗಿದ್ದು, ಧೂಳು ಹೊಗೆ ಕಣದ ಮಬ್ಬು. ಅದು ಮೋಡದ ಹಾಗೆ ಪಟ್ಟಿ ಪಟ್ಟಿ ನಿಲ್ಲಲ್ಲ, ಹಿಂದಿರೋದನ್ನೆಲ್ಲಾ ಒಂದೇ ಸಮ ಮಂಕು ಮಾಡುತ್ತೆ. ಹಾಗಾಗಿ ಬಿಳಿ ಪಟ್ಟಿ ಎಳೆಯೋದಲ್ಲ, ಬೆಟ್ಟದ ಬಣ್ಣಾನೇ ಮಂಕಾಗಿ ಕಲಸಬೇಕು.

ಡಿಕ್ಷನರಿ ನೋಡೋವಾಗ ಸಿಕ್ಕಿದ್ದು ನಂಗೆ ಇನ್ನೂ ತಲೇಲಿ ತಿರುಗ್ತಿದೆ. ಲ್ಯಾಂಡ್‌ಸ್ಕೇಪ್ ಅನ್ನೋ ಪದ ಡಚ್ಚಿನ ಲಾಂಟ್‌ಸ್ಖಾಪ್‌ನಿಂದ 1600ರ ಆಸುಪಾಸಲ್ಲಿ ಇಂಗ್ಲಿಷಿಗೆ ಬಂದಿದ್ದು, ಬಂದಿದ್ದು ಚಿತ್ರಗಾರರ ಪದವಾಗಿ. ಮೊದಲು ಅದರ ಅರ್ಥ ನೆಲದ ಚಿತ್ರ, ಆಮೇಲೆ ನೆಲ. ಸೀಸ್ಕೇಪ್ ಸಿಟಿಸ್ಕೇಪ್ ಎಲ್ಲಾ ಅದರ ಬಾಲ ಕತ್ತರಿಸಿ ಅಂಟಿಸಿದ್ದು. ಸೀನರೀದೂ ಅದೇ ಕಥೆ. ಮೂಲ ಗ್ರೀಕಿನ ಸ್ಕೀನೆ, ನಟರು ಆಡೋ ಜಾಗದ ಹಿಂದಿದ್ದ ಡೇರೆ ಅಥವಾ ಗುಡಿಸಲು, ಸೀನೂ, ರಂಗದ ಮುಂದಿನ ಚೌಕಟ್ಟಿಗೆ ಹೇಳೋ ಪ್ರೊಸೀನಿಯಮ್ಮೂ ಅದರ ಮಕ್ಕಳೇ. ಸೀನರಿ ಅಂದ್ರೆ ಮೊದಲು ನಾಟಕದ ಪರದೆ ಚೌಕಟ್ಟು ಇತ್ಯಾದಿ ಸಾಮಾನು, ಹದಿನೆಂಟನೇ ಶತಮಾನದ ಕೊನೇ ಹೊತ್ತಿಗೆ ನಿಜವಾದ ಬೆಟ್ಟ ಹೊಳೆ ನೋಡಿದೋರೂ ಸೀನರಿ ಅನ್ನೋಕೆ ಶುರು ಮಾಡಿದ್ರು. ಅದೇ ಕಾಲದಲ್ಲಿ, 1779ರಲ್ಲಿ, ಲಂಡನ್ನಿನ ಡ್ರೂರಿ ಲೇನ್ ಥಿಯೇಟರಲ್ಲಿ ಲೂಥರ್‌ಬರ್ಗ್ ಅನ್ನೋ ಕಲಾವಿದ ಡರ್ಬಿಶೈರಿನ ನಿಜವಾದ ಗುಡ್ಡ ಗುಹೆಗಳನ್ನ ಪರದೆಗೆ ಇಳಿಸಿ ತೋರಿಸಿದ್ದ. ಆ ಕಾಲದ ಪ್ರವಾಸಿಗಳ ಇನ್ನೊಂದು ಹುಚ್ಚು ಕ್ಲೋಡ್ ಗ್ಲಾಸ್, ಅಂಗೈಯಷ್ಟಗಲದ ಕಪ್ಪು ಛಾಯೆಯ ಉಬ್ಬುಕನ್ನಡಿ, ಬೆಟ್ಟಕ್ಕೆ ಬೆನ್ನು ಹಾಕಿ ನಿಂತು ಕನ್ನಡೀಲಿ ನೋಡೋದು, ಪೇಂಟಿಂಗ್ ಥರ ಕಾಣುತ್ತೆ ಅಂತ. ಬೆಟ್ಟ ನೋಡೋಕೆ ಅಷ್ಟು ದೂರ ಹೋಗಿ ಬೆನ್ನು ಹಾಕಿ ನಿಲ್ಲೋರನ್ನ ನೆನೆಸ್ಕೊಂಡು ನಗ್ತಿದ್ದೆ, ಮಾರನೇ ದಿನ ನಾನೇ ಅದನ್ನ ಮಾಡ್ದೆ, ಕೆಳಗೆ ಹೇಳ್ತೀನಿ.

ಅಂದ್ರೆ ಪದಗಳು ಹುಟ್ಟಿದ್ದೇ ಬಟ್ಟೆ ಮೇಲೆ, ಬೆಟ್ಟಕ್ಕೆ ಹೋಗಿದ್ದು ಆಮೇಲೆ. ಫೋರ್‌ಗ್ರೌಂಡ್, ಮಿಡಲ್ ಡಿಸ್ಟೆನ್ಸ್, ಡಿಸ್ಟೆನ್ಸ್ ಇವೂ ಅಷ್ಟೇ, ಚಿತ್ರದ ಮೂರು ಪಟ್ಟಿ. ಇನ್ ದ ಡಿಸ್ಟೆನ್ಸ್ ಅಂದ್ರೆ ದೂರದಲ್ಲಿ, ಇನ್ ದ ಮಿಡಲ್ ಡಿಸ್ಟೆನ್ಸ್ ಅಂದ್ರೆ ನಡುಪಟ್ಟೀಲಿ. ನಾನು ಮಿಡಲ್ ಅಂದಿದ್ದಕ್ಕೆ ಹೊಳೇನ ಪರದೆಯ ಎಡ ಬಲದ ನಟ್ಟನಡುವೆ ಹರಿಸಿದ್ದೆ!

ರಿಪೇರಿ. ಆರನೇ ದಿನ ಪರದೆ ಇಳಿಸಿ ಮತ್ತೆ ನೆಲಕ್ಕೆ ಹೊಡೆದು, 3.5 ಅಡಿಗೆ ಕೆಂಪು ದಾರ ಕಟ್ಟಿದೆ, ಗೆರೆ ಎಳೀಲಿಲ್ಲ, ದಾರಾನೇ ಕೊನೆ ತನಕ ಇತ್ತು. ಮನೆ, ಬಾಗಿದ ಮರ, ಬಿಳಿ ಪಟ್ಟಿ ಎಲ್ಲದರ ಮೇಲೂ ಆಯಾ ಜಾಗದ ತಳಬಣ್ಣ ತೆಳ್ಳಗೆ ಎರಡು ಸಲ. ದಪ್ಪಗೆ ಒಂದೇ ಸಲ ಬಳಿದ್ರೆ ಮುಚ್ಚುತ್ತೆ ನಿಜ, ಪರದೆ ಸುತ್ತಿಟ್ಟು ಬಿಚ್ಚಿದಾಗ ಚಕ್ಕೆ ಏಳುತ್ತೆ.

ಗುಡ್ಡದ ಬಣ್ಣಕ್ಕೆ ಒಂದು ಬಕೆಟ್ ಆಕಾಶದ ಬಣ್ಣ ಕಲಸಿ ಪಕ್ಕಕ್ಕಿಟ್ಟೆ, ಇನ್ನೊಂದರಲ್ಲಿ ಹತ್ತಿರದ ಗುಡ್ಡದ ಹಸಿರು. ಹಿಂದಿನ ರಿಡ್ಜಿಗೆ ನಾಲ್ಕು ಮಗ್ ಆಕಾಶಕ್ಕೆ ಒಂದು ಮಗ್ ಹಸಿರು, ಅದರ ಮುಂದಿನದಕ್ಕೆ ಮೂರಕ್ಕೆ ಎರಡು, ಅದರ ಮುಂದಿನದಕ್ಕೆ ಎರಡಕ್ಕೆ ಮೂರು, ಹೀಗೆ ಮುಂದೆ ಬಂದ ಹಾಗೆ ಆಕಾಶ ಕಮ್ಮಿ. ನಮಗೂ ಬೆಟ್ಟಕ್ಕೂ ನಡುವೆ ಇರೋ ಗಾಳಿ ನೀಲಿ ಬೆಳಕನ್ನೇ ಹೆಚ್ಚಾಗಿ ಚದುರಿಸೋದು, ದೂರ ಹೆಚ್ಚಾದಷ್ಟೂ ಆ ನೀಲಿ ಪದರ ದಪ್ಪ, ಅದಕ್ಕೇ ದೂರದ ಬೆಟ್ಟ ನುಣ್ಣಗೆ ಮಾತ್ರ ಅಲ್ಲ, ನೀಲಿ ಕೂಡ. ಆ ಮಬ್ಬಿಗೋಸ್ಕರ ಬೇರೆ ಬಣ್ಣ ತರೋದೇ ಬೇಡ, ಪ್ರತಿ ಬೆಟ್ಟದಲ್ಲೂ ಒಂದಿಷ್ಟು ಆಕಾಶ ಇದ್ರೆ ಸಾಕು.

ಒಂದು ಗುಡ್ಡ ಮಾತ್ರ ಯಾಕೋ ಮುಂದಕ್ಕೆ ನುಗ್ಗಿ ಬರ್ತಿತ್ತು. ಎಷ್ಟು ನೋಡಿದ್ರೂ ಗೊತ್ತಾಗ್ಲಿಲ್ಲ. ಆಗ ಕ್ಲೋಡ್ ಗ್ಲಾಸ್ ನೆನಪಾಗಿ, ಏಣಿ ಮೇಲೆ ಹತ್ತಿ, ಆಫ್ ಮಾಡಿದ ಫೋನಿನ ಕಪ್ಪು ಸ್ಕ್ರೀನಲ್ಲಿ ಹೆಗಲ ಹಿಂದಿನ ಪರದೆ ನೋಡ್ದೆ. ಆ ಕಪ್ಪಲ್ಲಿ ಬಣ್ಣ ಎಲ್ಲಾ ಸತ್ತು ಬರೀ ತಿಳಿ, ಗಾಢ ಅಷ್ಟೇ ಉಳಿಯುತ್ತೆ. ಹಿಂದಿನಿಂದ ಎರಡನೇ ಸಾಲಿನ ಗುಡ್ಡ ಮೂರನೇದಕ್ಕಿಂತ ಗಾಢವಾಗಿತ್ತು, ಮಗ್ ಲೆಕ್ಕ ತಪ್ಪಿದ್ದೆ. ಆಕಾಶದ ಬಣ್ಣಾನೇ ನೀರು ನೀರಾಗಿ ಮಾಡಿ ಅದರ ಮೇಲೆ ಒಂದು ಕೈ ಓಡಿಸ್ದೆ, ಹಿಂದೆ ಸರೀತು.

ಹೊಳೆಗೆ ಎರಡು ದಿನ ಹೋಯ್ತು. ಮೊದಲನೇ ಸಲ ಎಲ್ಲಾ ತಿರುವೂ ಒಂದೇ ಸೈಜಿಗೆ ಬರೆದಿದ್ರಿಂದ ಹೊಳೆ ಮಲಗಿರಲಿಲ್ಲ, ಗೋಡೆ ಮೇಲೆ ಹಾವು ಹತ್ತಿದ ಹಾಗೆ ನಿಂತಿತ್ತು. ಈ ಸಲ ಮುಂದಿನ ತಿರುವಲ್ಲಿ ನೀರು 14 ಇಂಚು ದಪ್ಪ, ಅದರ ಹಿಂದಿನದು 6, ಆಮೇಲೆ 2, ಕೊನೇದು ಒಂದಿಂಚಿನ ಬಿಳಿ ಗೀಟು. ದಾರದ ಹತ್ತಿರ ಹೋದ ಹಾಗೆ ತಿರುವುಗಳು ಮೇಲೆ ಕೆಳಗೆ ಹೋಗೋದು ನಿಂತು ಬರೀ ಅಡ್ಡಡ್ಡ ಹೋಗ್ತವೆ, ದೂರ ಹೋದಷ್ಟೂ ನಮ್ಮ ನೋಟ ನೆಲವನ್ನ ಸವರ್ಕೊಂಡು ಹೋಗುತ್ತೆ, ಅದಕ್ಕೇ ಹಾಗೆ ಕಾಣೋದು. ಮನೆ ಬಲಗಡೆ ಇಳಿಜಾರಲ್ಲಿ, 5 ಅಡಿ ಎತ್ತರದಲ್ಲಿ, ಎಲ್ಲಾ ಸೇರಿ ಒಂದಡಿ ಕೂಡ ಇಲ್ಲ. ಮುಂದೆ ಹಾರ್ಡ್‌ಬೋರ್ಡಲ್ಲಿ ಹುಲ್ಲು ದಿಬ್ಬದ ಆಕಾರ ಕತ್ತರಿಸಿ ನಿಲ್ಲಿಸಿದ್ವಿ, ಗ್ರೌಂಡ್‌ರೋ ಅಂತಾರೆ, ಪರದೆ ನೆಲಕ್ಕೆ ತಾಗೋ ಗೆರೆ ಮುಚ್ಚುತ್ತೆ, ಹಿಂದೆ ಲೈಟೂ ಬಚ್ಚಿಡಬಹುದು.

ಹತ್ತನೇ ದಿನ ಮತ್ತೆ ಕಟ್ಟಿದ್ವಿ. ಗೆಳೆಯ ಸಂಜೆ ಸೀನಿನ ಕಿತ್ತಳೆ-ಹಳದಿ ಆಂಬರ್ ಲೈಟ್ ಹಾಕಿದ ತಕ್ಷಣ ನನ್ನ ನೀಲಿ ರಿಡ್ಜೆಲ್ಲಾ ಬೂದಿ ಬಣ್ಣ ಆಗೋಯ್ತು, ಜಗಳ ಆಯ್ತು, ಆಮೇಲೆ ಅವನೇ ಪರದೆಗೆ ಬೇರೆ ಲೈಟ್ ಕೊಟ್ಟು ಆಂಬರನ್ನ ನಟರ ಮೇಲೆ ಮಾತ್ರ ಬಿಟ್ಟ. ಈಗ ನಟ ಮುಂದೆ ನಿಂತ್ರೆ ಮನುಷ್ಯನ ಅಳತೇಲೇ ಕಾಣ್ತಾನೆ, ಹಿಂದೆ ಗುಡ್ಡ ಮೈಲಿಗಟ್ಲೆ ಹೋಗುತ್ತೆ.

ಸ್ಟ್ರಕ್ ಅನ್ನೋದು ಬಾಕಿ ಇತ್ತಲ್ಲ. ಸೀನರಿಗೆ ಹೊಡೀಬೇಕಾ, ಮುಷ್ಕರಾನಾ ಅಂತ ನಾನೂ ಗೆಳೆಯಾನೂ ಎರಡು ದಿನ ತಮಾಷೆ ಮಾಡ್ತಿದ್ವಿ. ಸ್ಟೇಜ್ ಭಾಷೇಲಿ ಸ್ಟ್ರೈಕ್ ಅಂದ್ರೆ ಬಿಚ್ಚಿ ತೆಗೆದು ಜಾಗ ಖಾಲಿ ಮಾಡೋದು. ಎರಡನೇ ಅಂಕ ಆದ್ಮೇಲೆ ಪರದೆ ಮೇಲಕ್ಕೆ ಹೋಗ್ಬೇಕು, ಗ್ರೌಂಡ್‌ರೋ ಪಕ್ಕಕ್ಕೆ. ಇನ್ನೊಂದು, ನಾನು ರಿಪ್ಲೈನಲ್ಲಿ ಸೀನರೀಸ್ ರೆಡಿ ಅಂತ ಹಾಕಿದ್ದಕ್ಕೆ ಸೀನರಿಗೆ ಬಹುವಚನ ಇಲ್ಲಪ್ಪಾ, ಪೀಸಸ್ ಆಫ್ ಸೀನರಿ ಅಂತ ಬರಿ ಅಂತ ತಿದ್ದಿದ್ರು. ಬ್ಯಾಕ್‌ಡ್ರಾಪ್ ಅಂದ್ರೆ ಹಿಂದೆ ಮೇಲಿಂದ ಇಳಿಬಿಡೋ ಬಟ್ಟೆ, ಅದಕ್ಕೆ ಬಹುವಚನ ಇದೆ. ಬ್ಯಾಕ್‌ಗ್ರೌಂಡ್ ಚಿತ್ರದ ಒಳಗಿನ ಹಿಂಭಾಗ. ನನ್ನ ಬ್ಯಾಕ್‌ಡ್ರಾಪಿನ ಬ್ಯಾಕ್‌ಗ್ರೌಂಡಲ್ಲಿ ರಿಡ್ಜ್ ಇದೆ, ಹೀಗೆ ಹೇಳ್ಕೊಂಡ್ರೆ ನೆನಪಿರುತ್ತೆ.

ಒಂದು ಕಡೆ ಮಾತ್ರ ಸರಿ ಹೋಗ್ಲೇ ಇಲ್ಲ. ಎರಡನೇ ತಿರುವಿನ ಬಲದಂಡೆ ಇಂಚು ಒಂದೂವರೆ ಇಂಚು ಎತ್ತರ ಆಗಿ, ನೀರು ಅಲ್ಲಿ ಹತ್ತಿ ಹೋದ ಹಾಗೆ ಕಾಣುತ್ತೆ, ಒಂದ್ಸಲ ಕಂಡ್ರೆ ಮತ್ತೆ ಅದೇ ಕಾಣ್ತಿರುತ್ತೆ. ಮೂರು ಸಲ ತಿದ್ದಿ ಸಾಕಾಗಿ, ಹನ್ನೊಂದನೇ ದಿನ ರಾತ್ರಿ ಅದರ ಮೇಲೊಂದು ದಟ್ಟ ಪೊದೆ ಬರೆದ್ಬಿಟ್ಟೆ. ಬೆಳಿಗ್ಗೆ ಡೈರೆಕ್ಟ್ರು ಫೋನ್ ಹಿಡ್ಕೊಂಡು ಬ್ರೀಫೂ ಪರದೇನೂ ಎರಡೆರಡು ಸಲ ನೋಡಿ, "ಈ ಪೊದೆ ಎಲ್ಲಿಂದ ಬಂತಪ್ಪಾ, ನಾನು ಬರೆದಿಲ್ವಲ್ಲ?" ಅಂದ್ರು.

"ಅಂಡರ್‌ಗ್ರೋತ್ ಸಾರ್" ಅಂದೆ, ಮರದಡಿ ಬೆಳೆಯೋ ಪೊದೆಗೆ ಇಂಗ್ಲಿಷಲ್ಲಿ ಏನಂತಾರೆ ಅಂತ ಹಿಂದಿನ ರಾತ್ರಿ ಡಿಕ್ಷನರೀಲಿ ನೋಡಿಟ್ಕೊಂಡಿದ್ದೆ.